ಪೆಟ್ರೋಲ್ ಹೆಚ್ಚು ಹರಿದಷ್ಟೂ ಪವರ್ ಹೆಚ್ಚಾಗುತ್ತಾ?

ಟರ್ಬೊ ಕಾರಿಗೆ ದೊಡ್ಡ ಫ್ಯೂಯಲ್ ಪಂಪ್, ಇಂಜೆಕ್ಟರ್ ಹಾಕಿಸಿದರೆ ಸಾಕು, ಪವರ್ ಹೆಚ್ಚುತ್ತದೆ ಎನ್ನುವ ಮಾತನ್ನು ನಾವೂ ಕೇಳಿದ್ದೇವೆ. ಇದು ನಿಜವಲ್ಲ. ಬಿಯಾಟ್ರಿಸ್ ಶಿಲಿಂಗ್ ಅವರ ಕಥೆ ನೋಡೋಣ.

1909ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಎಂಜಿನಿಯರ್ ಬೈಕ್ ರೇಸ್‌ನಲ್ಲೂ ಹೆಸರು ಮಾಡಿದ್ದರು. 1940ರ ಯುದ್ಧದಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನಗಳು ಥಟ್ಟನೆ ಮೂತಿ ಕೆಳಗೆ ಮಾಡಿ ಧುಮುಕಿದರೆ ಎಂಜಿನ್ ನಿಂತುಹೋಗುತ್ತಿತ್ತು. ಕಾರ್ಬ್ಯುರೇಟರ್‌ಗೆ ಅತಿಯಾಗಿ ಪೆಟ್ರೋಲ್ ನುಗ್ಗುವುದೇ ಮುಖ್ಯ ಕಾರಣ. ಇಂಜೆಕ್ಷನ್ ವ್ಯವಸ್ಥೆಯಿದ್ದ ಜರ್ಮನ್ ವಿಮಾನಗಳು ಹೀಗೆ ಧುಮುಕಿ ತಪ್ಪಿಸಿಕೊಳ್ಳುತ್ತಿದ್ದವು.

ಶಿಲಿಂಗ್ ಪೆಟ್ರೋಲ್ ಪೈಪಿನಲ್ಲಿ ತೂತಿರುವ ಪುಟ್ಟ ಹಿತ್ತಾಳೆ ತುಣುಕು ಕೂರಿಸಿದರು. ಎಂಜಿನ್‌ಗೆ ಬೇಕಾದಷ್ಟೇ ಪೆಟ್ರೋಲ್ ಹರಿಯಿತು. 1941ರಲ್ಲಿ ತಾವೇ ವಾಯುನೆಲೆಗಳಿಗೆ ಹೋಗಿ ಅಳವಡಿಸಿದರು. 1990ರಲ್ಲಿ ತೀರಿಕೊಂಡರು.

ಟರ್ಬೊ ಕಾರಿಗೂ ಲೆಕ್ಕ ಇದೇ: ಗಾಳಿ ಎಷ್ಟೋ ಅದಕ್ಕೆ ತಕ್ಕಷ್ಟು ಇಂಧನ. ಕಡಿಮೆಯಾದರೆ ಪಿಸ್ಟನ್ ಸುಡಬಹುದು, ಅತಿಯಾದರೆ ಪವರ್ ಇಳಿಯುತ್ತದೆ.