ಇಳಿಜಾರಿಗೆ ಮೆಟ್ಟಿಲು ಕಟ್ಟಿದ ಗರ್ಟ್ರೂಡ್ ಜೀಕಿಲ್

ಮನೆ ಮುಂದೆ ಕಡಿದಾದ ಇಳಿಜಾರು, ಅದರ ತುಂಬ ಹುಲ್ಲು ಅಂತ ಇಟ್ಟುಕೊಳ್ಳಿ. ಹುಲ್ಲು ಕತ್ತರಿಸೋ ಮಷಿನ್ ಹಿಡಿದು ಅಡ್ಡ ಹೋದರೆ ಅದು ಕೆಳಕ್ಕೆ ಜಾರುತ್ತೆ, ಮೇಲಿಂದ ಕೆಳಗೆ ಹೋದರೆ ನಮ್ಮನ್ನೇ ಎಳ್ಕೊಂಡು ಹೋಗುತ್ತೆ. ಏನು ಮಾಡ್ತೀರಾ? ಮೆಕ್ಯಾನಿಕಲ್‌ನವರು ಇನ್ನೂ ಒಳ್ಳೆ ಮಷಿನ್ ಮಾಡೋಣ ಅಂತಾರೆ. ನಾವು ಸಿವಿಲ್‌ನವರು ಕಾಂಕ್ರೀಟ್ ಸುರಿಯೋಣ ಅಂತೀವಿ. ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನಲ್ಲಿ ಒಬ್ಬ ಮಹಿಳೆ ಇದಕ್ಕೆ ಬೇರೆಯೇ ಉತ್ತರ ಕೊಟ್ಟಿದ್ದರು. ಅವರು ಇಂಜಿನಿಯರ್ ಅಲ್ಲ. ಕಣ್ಣೂ ಸರಿಯಾಗಿ ಕಾಣ್ತಿರಲಿಲ್ಲ.

ಗರ್ಟ್ರೂಡ್ ಜೀಕಿಲ್ ಹುಟ್ಟಿದ್ದು 1843ರ ನವೆಂಬರ್ 29ರಂದು, ಲಂಡನ್ನಿನಲ್ಲಿ. ಬೆಳೆದದ್ದು ಸರ್ರೆ ಪ್ರಾಂತ್ಯದ ಬ್ರಾಮ್ಲಿ ಅನ್ನೋ ಹಳ್ಳಿಯಲ್ಲಿ. 1861ರಲ್ಲಿ ಸೌತ್ ಕೆನ್ಸಿಂಗ್ಟನ್‌ನ ಕಲಾಶಾಲೆ ಸೇರಿದರು. ಚಿತ್ರ, ಕಸೂತಿ, ಮರದ ಕೆತ್ತನೆ, ಲೋಹದ ಕೆಲಸ, ಎಲ್ಲದರಲ್ಲೂ ಅವರ ಕೈ ಪಳಗಿತ್ತು. ಆದರೆ ದೃಷ್ಟಿ ಮೊದಲಿಂದಲೂ ಮಂದ. 1891ರಲ್ಲಿ ಜರ್ಮನಿಯ ಕಣ್ಣಿನ ಡಾಕ್ಟರ್ ಒಬ್ಬರು ಚಿತ್ರ, ಕಸೂತಿಯಂಥ ಸೂಕ್ಷ್ಮ ಕೆಲಸ ಬಿಡಲೇಬೇಕು ಅಂದುಬಿಟ್ಟರು. ಆಗ ಅವರಿಗೆ 47 ವರ್ಷ. ಜೀವನ ಪೂರ್ತಿ ಕಲಿತ ವಿದ್ಯೆಯನ್ನ ಆ ವಯಸ್ಸಲ್ಲಿ ಬಿಡೋದು ಅಂದ್ರೆ ಸುಮ್ಮನೆ ಮಾತಲ್ಲ. ಒಂದು ಸಬ್ಜೆಕ್ಟ್ ಬ್ಯಾಕ್ ಉಳಿದರೇ ನಾವು ಎರಡು ದಿನ ಊಟ ಬಿಡ್ತೀವಿ.

ಅವರು ಬಣ್ಣ ಬಿಡಲಿಲ್ಲ, ಕ್ಯಾನ್ವಾಸ್ ಮಾತ್ರ ಬಿಟ್ಟರು. ಅದರ ಜಾಗಕ್ಕೆ ನೆಲ ಬಂತು. ಎರಡು ವರ್ಷ ಮೊದಲೇ, 1889ರಲ್ಲಿ, ಎಡ್ವಿನ್ ಲಟ್ಯೆನ್ಸ್ ಅನ್ನೋ 20 ವರ್ಷದ ಹುಡುಗನ ಪರಿಚಯ ಆಗಿತ್ತು. ಮುಂದೆ ನಮ್ಮ ದೆಹಲಿಯ ರಾಷ್ಟ್ರಪತಿ ಭವನ ಕಟ್ಟಿದ ಅದೇ ಲಟ್ಯೆನ್ಸ್. ಅವರು ಮನೆ ಕಟ್ಟೋದು, ಇವರು ತೋಟ ಮಾಡೋದು, ಹೀಗೆ ಜೋಡಿ ಕೆಲಸ ಶುರುವಾಯ್ತು. ಮನ್‌ಸ್ಟೆಡ್ ವುಡ್‌ನಲ್ಲಿ ಜೀಕಿಲ್ ಅವರ ಸ್ವಂತ ಮನೆಯನ್ನ ಕಟ್ಟಿದ್ದೂ ಲಟ್ಯೆನ್ಸ್ ಅವರೇ.

ಇಳಿಜಾರಿನ ವಿಷಯಕ್ಕೆ ಬರೋಣ. 1901ರಲ್ಲಿ ಗೋಡೆ ಮತ್ತು ನೀರಿನ ತೋಟಗಳ ಬಗ್ಗೆ ಅವರು ಬರೆದ ಪುಸ್ತಕದಲ್ಲಿ ಕಡಿದಾದ ಜಾಗಕ್ಕೆ ಅವರ ಉಪಾಯ ಇದೆ. ಇಳಿಜಾರನ್ನ ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಒಂದೊಂದು ಮೆಟ್ಟಿಲಿಗೂ ಗಾರೆ ಇಲ್ಲದ ಕಲ್ಲಿನ ಗೋಡೆ ಕಟ್ಟೋದು. ಸಿಕ್ಕಿದ್ರೆ ಆ ಊರಿನದೇ ಕಲ್ಲು. ಗೋಡೆ ನೆಟ್ಟಗೆ ನಿಲ್ಲಬಾರದು, ದಿಬ್ಬದ ಕಡೆ ಸ್ವಲ್ಪ ಒರಗಬೇಕು. ಪ್ರತಿ ಕಲ್ಲಿನ ಹಿಂಭಾಗ ಒಂಚೂರು ತಗ್ಗಿರಬೇಕು. ಹಾಗಿದ್ರೆ ಮಳೆ ನೀರು ಹೊರಗೆ ಜಾರದೆ ಒಳಗಿನ ಮಣ್ಣಿಗೆ ಹೋಗುತ್ತೆ. ಸಂದಿನಲ್ಲಿ ನೆಡೋ ಸಣ್ಣ ಗಿಡಗಳನ್ನ ಗೋಡೆ ಏಳ್ತಾ ಇರುವಾಗಲೇ ಇಡಬೇಕು. ಬೇರು ಹಿಂದಿನ ಮಣ್ಣಿಗೆ ಇಳಿದು ಗಟ್ಟಿಯಾಗಿ ಹಿಡಿಯುತ್ತೆ.

ರಿಟೇನಿಂಗ್ ವಾಲ್ ಪಾಠ ಓದಿದವರಿಗೆ ಇದು ತಕ್ಷಣ ಹೊಳೆಯುತ್ತೆ. ಗೋಡೆ ಬೀಳಿಸೋದು ಬರೀ ಮಣ್ಣಲ್ಲ, ಹಿಂದೆ ನಿಲ್ಲೋ ನೀರು ಕೂಡ. ಕಾಂಕ್ರೀಟ್ ಗೋಡೆಗೆ ನಾವು ವೀಪ್ ಹೋಲ್ ಬಿಡ್ತೀವಿ. ಜೀಕಿಲ್ ಗೋಡೆಯಲ್ಲಿ ಪ್ರತಿ ಸಂದೂ ವೀಪ್ ಹೋಲ್! ಜೊತೆಗೆ, ಮೆಟ್ಟಿಲು ಸಮತಟ್ಟು. ಹುಲ್ಲು ಬೇಕಿದ್ದರೆ ಅಲ್ಲಿ ಬೆಳೆಸಿ ಆರಾಮಾಗಿ ಕತ್ತರಿಸಬಹುದು. ಕತ್ತರಿಸೋಕೆ ಆಗದ ಕಡಿದಾದ ಭಾಗದಲ್ಲಿ ಹುಲ್ಲೇ ಇಲ್ಲ, ಹೂವಿದೆ.

ಬ್ರಾಮ್ಲಿಯಲ್ಲೇ ಮಿಲ್‌ಮೀಡ್ ಅನ್ನೋ ಮನೆಯ ಉದ್ದನೆಯ, ಇಕ್ಕಟ್ಟಾದ, ಇಳಿಜಾರು ಜಾಗವನ್ನ ಅವರು ಹೀಗೇ ಮೆಟ್ಟಿಲುಗಳ ತೋಟ ಮಾಡಿದರು. 1908ರಲ್ಲಿ ಅಪ್ಟನ್ ಗ್ರೇ ಊರಿನ ತೋಟಕ್ಕೂ ಇದೇ ಥರ ನಕ್ಷೆ ಹಾಕಿಕೊಟ್ಟರು. ಒಟ್ಟು ಸುಮಾರು 400 ತೋಟಗಳು. ವಯಸ್ಸಾದ ಮೇಲೆ ಎಷ್ಟೋ ಜಾಗಗಳಿಗೆ ಹೋಗದೆ, ಅಂಚೆಯಲ್ಲಿ ಬಂದ ಅಳತೆ ನೋಡಿಯೇ ನಕ್ಷೆ ಬರೆದರು. ಅವರ ನಕ್ಷೆಗಳು ಈಗ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿವೆ. ಹಾಳು ಬಿದ್ದಿದ್ದ ಅಪ್ಟನ್ ಗ್ರೇ ತೋಟವನ್ನ 1980ರ ದಶಕದಲ್ಲಿ ಹಳೇ ನಕ್ಷೆ ಇಟ್ಕೊಂಡೇ ಮತ್ತೆ ಕಟ್ಟಿದರು.

1920ರಲ್ಲಿ ವಿಲಿಯಂ ನಿಕಲ್ಸನ್ ಅನ್ನೋ ಕಲಾವಿದ ಅವರ ಭಾವಚಿತ್ರ ಬರೆಯೋಕೆ ಬಂದರು. ಭಾವಚಿತ್ರದ ಜೊತೆಗೆ, ಸವೆದು ಹೋಗಿದ್ದ ಅವರ ತೋಟದ ಬೂಟುಗಳದ್ದೂ ಒಂದು ಚಿತ್ರ ಬರೆದರು. ನನಗಂತೂ ಬೂಟಿನ ಚಿತ್ರವೇ ಹೆಚ್ಚು ಇಷ್ಟ.

1932ರ ಡಿಸೆಂಬರ್ 8ರಂದು ಜೀಕಿಲ್ ತೀರಿಕೊಂಡರು. ಬಸ್‌ಬ್ರಿಜ್‌ನಲ್ಲಿರುವ ಸಮಾಧಿಯನ್ನ ಲಟ್ಯೆನ್ಸ್ ಅವರೇ ರೂಪಿಸಿದರು. ಅದರ ಮೇಲೆ ಅವರನ್ನ ಕಲಾವಿದೆ, ತೋಟಗಾರ್ತಿ, ಕುಶಲಕರ್ಮಿ ಅಂತ ಕರೆದಿದೆ. ಕಲಾವಿದೆ ಅನ್ನೋದೇ ಮೊದಲು.