ಟ್ಯೂರಿಂಗ್ ಮತ್ತು ಕೈಯಲ್ಲಿ ಉಳಿದ ದಶಕ

ಅಲನ್ ಟ್ಯೂರಿಂಗ್ ಹೆಸರು ನಮಗೆಲ್ಲ ಪರಿಚಯ ಆದದ್ದು ಐದನೇ ಸೆಮಿಸ್ಟರಿನ ಆಟೊಮಾಟಾ ಪೇಪರಿನಲ್ಲಿ. ಟೇಪು, ಹೆಡ್ಡು, ಸ್ಟೇಟು ಅಂತ ಒಂದು ಚಿತ್ರ ಬರೆದು, ಮಾರ್ಕು ತಗೊಂಡು, ಪರೀಕ್ಷೆ ಮುಗಿದ ಮರುದಿನವೇ ಮರೆತಿದ್ದೆವು. ಅವರನ್ನು ಮತ್ತೆ ಓದುವ ಹಾಗೆ ಮಾಡಿದ್ದು ಹಳಿಯಾಳ ತಾಲೂಕಿನ ತೇರಗಾಂವದ ಒಂದು ಮಹಿಳಾ ಸ್ವಸಹಾಯ ಸಂಘದ ಲೆಕ್ಕದ ಪುಸ್ತಕ.

ಸಂಗತಿ ಇಷ್ಟು. ಸಂಘದ ಉಳಿತಾಯ, ಸಾಲದ ಲೆಕ್ಕಕ್ಕೆ ಒಂದು ಸಣ್ಣ ಸಾಫ್ಟ್‌ವೇರ್ ಮಾಡಿಕೊಡ್ತೀವಿ ಅಂತ ನಾವು ನಾಲ್ಕು ಜನ ಒಪ್ಪಿಕೊಂಡಿದ್ದೆವು. ಕೋಡ್ ಬರೆದದ್ದು ಒಂದು ಎಐ ಟೂಲ್. ಅದು ಸರಿ ಇದೆಯಾ ಅಂತ ನೋಡುವ ಟೆಸ್ಟುಗಳನ್ನು ಬರೆದದ್ದೂ ಅದೇ ಟೂಲ್. ಎಲ್ಲಾ ಟೆಸ್ಟೂ ಪಾಸು. ಒಂದೇ ಸಂಜೆಗೆ ಕೆಲಸ ಮುಗೀತು ಅಂತ ಲ್ಯಾಪ್‌ಟಾಪ್ ಹಿಡಿದುಕೊಂಡು ಸಂಘದ ಸಭೆಗೆ ಹೋದೆವು. ಖಜಾಂಚಿ ಅಕ್ಕ ತಮ್ಮ ಪುಸ್ತಕ ತೆರೆದು ತಾಳೆ ನೋಡಿದರೆ ಒಬ್ಬ ಸದಸ್ಯೆಯ ಬಡ್ಡಿಯಲ್ಲಿ 160 ರೂಪಾಯಿ ವ್ಯತ್ಯಾಸ. ಯಾವ ತಿಂಗಳಲ್ಲಿ ತಪ್ಪಿತು ಅಂತ ಅವರು ಕೇಳಿದರು. ನಮ್ಮ ಸ್ಕ್ರೀನಿನ ಮೇಲೆ ಕೊನೆಯ ಮೊತ್ತ ಬಿಟ್ಟರೆ ಬೇರೇನೂ ಇರಲಿಲ್ಲ. ಕೋಡ್ ತೆರೆದು ನೋಡಿದರೆ ಯಾವ ಸಾಲು ಏನು ಮಾಡುತ್ತದೆ ಅಂತ ನಮಗೇ ಗೊತ್ತಿರಲಿಲ್ಲ.

ಆ ವಾರ ನಾಚಿಕೆಯಿಂದಲೇ ಓದುತ್ತ ಹೋದಾಗ ಸಿಕ್ಕಿದ್ದು ಟ್ಯೂರಿಂಗ್ 1949ರಲ್ಲಿ ಬರೆದ ಮೂರು ಪುಟದ ಒಂದು ಲೇಖನ. ಅಲ್ಲಿಂದ ಅವರ ಬದುಕಿನ ಕಡೆ ಹೊರಳಿದೆವು.

ಟ್ಯೂರಿಂಗ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ಆದರೆ ಮನೆತನದ ನಂಟು ನಮ್ಮ ಕಡೆಗೂ ಇದೆ. ತಂದೆ ಜೂಲಿಯಸ್ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಐಸಿಎಸ್ ಅಧಿಕಾರಿ. ತಾಯಿ ಈಥೆಲ್ ಸಾರಾ ಹುಟ್ಟಿದ್ದೇ ಕೊಯಮತ್ತೂರಿನ ಪಕ್ಕದ ಪೋದನೂರಿನಲ್ಲಿ. ತಾಯಿಯ ತಂದೆ ಎಡ್ವರ್ಡ್ ಸ್ಟೋನಿ ಮದ್ರಾಸ್ ರೈಲ್ವೆಯ ಚೀಫ್ ಇಂಜಿನಿಯರ್. ತುಂಗಭದ್ರೆಯ ಮೇಲೆ ರೈಲು ಸೇತುವೆ ಕಟ್ಟಿಸಿದವರು. ಕಂಪ್ಯೂಟರ್ ಸೈನ್ಸಿನ ಪಿತಾಮಹ ಅನ್ನಿಸಿಕೊಂಡವರ ಅಜ್ಜ ಸಿವಿಲ್ ಕೆಲಸದವರು ಅನ್ನೋದು ನಮ್ಮ ಸಿವಿಲ್ ಬ್ರಾಂಚಿನ ಗೆಳೆಯರಿಗೆ ಖುಷಿ ಕೊಟ್ಟಿದೆ. ತಂದೆತಾಯಿ ಭಾರತದಲ್ಲಿ, ಮಕ್ಕಳಿಬ್ಬರು ಇಂಗ್ಲೆಂಡಿನಲ್ಲಿ ಪರರ ಮನೆಯಲ್ಲಿ. ಹೀಗೇ ಅವರ ಬಾಲ್ಯ ಕಳೆಯಿತು.

1926ರಲ್ಲಿ ಶೆರ್ಬೋರ್ನ್ ಶಾಲೆಗೆ ಸೇರಬೇಕಾದ ದಿನಗಳಲ್ಲೇ ದೇಶವೆಲ್ಲ ಮುಷ್ಕರ. ರೈಲು ಇಲ್ಲ. ಹದಿಮೂರು ವರ್ಷದ ಹುಡುಗ ಸುಮಾರು ನೂರು ಕಿಲೋಮೀಟರ್ ಸೈಕಲ್ ತುಳಿದುಕೊಂಡು ಶಾಲೆ ಮುಟ್ಟಿದ. ಅಲ್ಲಿ ಸಿಕ್ಕ ಆಪ್ತ ಗೆಳೆಯ ಕ್ರಿಸ್ಟೋಫರ್ ಮಾರ್ಕಮ್ 1930ರಲ್ಲಿ ಕಾಯಿಲೆಯಿಂದ ತೀರಿಕೊಂಡ. ಮನಸ್ಸು ಅನ್ನೋದು ಏನು, ಅದು ದೇಹದ ಯಂತ್ರದೊಳಗೆ ಹೇಗೆ ಇರುತ್ತದೆ ಎಂಬ ಯೋಚನೆ ಟ್ಯೂರಿಂಗ್ ಅವರನ್ನು ಹಿಡಿದದ್ದು ಆ ದುಃಖದಲ್ಲಿ.

ಮುಂದೆ ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜು. 1936ರಲ್ಲಿ, ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ನಾವು ಚಿತ್ರ ಬರೆದು ಮಾರ್ಕು ಗಿಟ್ಟಿಸಿದ ಆ ಯಂತ್ರದ ಪ್ರಬಂಧ. ಯಾವ ಲೆಕ್ಕದ ವಿಧಾನವನ್ನಾದರೂ ಬರೆದುಕೊಟ್ಟರೆ ಮಾಡಬಲ್ಲ ಒಂದೇ ಒಂದು ಯಂತ್ರ ಸಾಧ್ಯ ಅಂತ ಅದರಲ್ಲಿ ತೋರಿಸಿದರು. ಪಠ್ಯಪುಸ್ತಕ ಹೇಳದ ಒಂದು ಮಾತು ಇಲ್ಲಿದೆ. ಆ ಸಾರ್ವತ್ರಿಕ ಯಂತ್ರಕ್ಕೆ ಅವರು ಕಾಗದದ ಮೇಲೆ ಬರೆದ ಪ್ರೋಗ್ರಾಮಿನಲ್ಲೇ ಬಗ್‌ಗಳಿದ್ದವು. ಹತ್ತು ವರ್ಷ ಆದಮೇಲೆ ಅವರ ಕೈಕೆಳಗೆ ಕೆಲಸಕ್ಕೆ ಬಂದ ಡೊನಾಲ್ಡ್ ಡೇವಿಸ್ ಎಂಬ ಯುವಕ ಅವನ್ನು ಹುಡುಕಿ ತೋರಿಸಿದಾಗ ಟ್ಯೂರಿಂಗ್‌ಗೆ ಅದು ಅಷ್ಟೇನೂ ಹಿಡಿಸಲಿಲ್ಲವಂತೆ. ನಮಗೆ ಈ ಸಂಗತಿ ಓದಿ ಸ್ವಲ್ಪ ಸಮಾಧಾನ ಆಯಿತು, ಸುಳ್ಳು ಯಾಕೆ ಹೇಳೋದು.

ಯುದ್ಧ ಶುರುವಾದ ಕೂಡಲೇ, 1939ರ ಸೆಪ್ಟೆಂಬರ್ 4ರಂದು, ಬ್ಲೆಚ್ಲಿ ಪಾರ್ಕಿಗೆ ಹಾಜರಾದರು. ಜರ್ಮನರ ಎನಿಗ್ಮಾ ಸಂಕೇತ ಬಿಡಿಸಲು ಪೋಲೆಂಡಿನ ಗಣಿತಜ್ಞರು ಮೊದಲೇ ದಾರಿ ತೋರಿಸಿದ್ದರು; ಟ್ಯೂರಿಂಗ್ ಬೇರೆಯದೇ ತತ್ವದ ಮೇಲೆ ಬಾಂಬ್ ಎಂಬ ಯಂತ್ರ ರೂಪಿಸಿದರು, ಗಾರ್ಡನ್ ವೆಲ್ಚ್‌ಮನ್ ಅದನ್ನು ಇನ್ನಷ್ಟು ಚುರುಕು ಮಾಡಿದರು. ಸಿನಿಮಾದಲ್ಲಿ ಈ ಯಂತ್ರ ಗಡಗಡ ತಿರುಗಿ ನಿಂತರೆ ಸಾಕು, ರಹಸ್ಯ ಬಯಲು. ನಿಜದಲ್ಲಿ ಹಾಗಿರಲಿಲ್ಲ. ಸಂದೇಶದಲ್ಲಿ ಇಂಥ ಮಾತು ಇರಬಹುದು ಅಂತ ಮನುಷ್ಯರು ಊಹಿಸಿ ಕೊಡಬೇಕು. ಆ ಊಹೆಗೆ ವಿರೋಧ ಬಾರದ ಜೋಡಣೆ ಸಿಕ್ಕಲ್ಲಿ ಯಂತ್ರ ನಿಲ್ಲುತ್ತಿತ್ತು, ಅಷ್ಟೇ. ಹಾಗೆ ನಿಂತದ್ದರಲ್ಲಿ ಹುಸಿಯೂ ಬೇಕಾದಷ್ಟು. ಪ್ರತಿ ಸಲ ನಿಂತಾಗಲೂ ಅದನ್ನು ಬೇರೆಯಾಗಿ ಪರೀಕ್ಷಿಸಿ, ಸಂದೇಶ ನಿಜವಾಗಿ ಜರ್ಮನ್ ಭಾಷೆಯಾಗಿ ಓದಿಸಿಕೊಳ್ಳುತ್ತದಾ ಅಂತ ನೋಡಿದ ಮೇಲೆಯೇ ಒಪ್ಪುತ್ತಿದ್ದರು. ಹಡಗುಗಳ ಮೇಲಿನ ಜನರ ಜೀವ ಅದರ ಮೇಲೆ ನಿಂತಿತ್ತು. ನಾವು ತೇರಗಾಂವದಲ್ಲಿ ಮಾಡಿದ್ದು ಏನು ಅಂದರೆ, ಯಂತ್ರ ಮೊದಲ ಸಲ ನಿಂತದ್ದನ್ನೇ ಉತ್ತರ ಅಂತ ಹಿಡಿದು ಬಸ್ ಹತ್ತಿದ್ದು.

ಯುದ್ಧ ಮುಗಿದ ಮೇಲೆ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿ ಎಸಿಇ ಕಂಪ್ಯೂಟರಿನ ವಿನ್ಯಾಸ. 1947ರ ಫೆಬ್ರುವರಿಯಲ್ಲಿ ಲಂಡನ್ ಮ್ಯಾಥಮೆಟಿಕಲ್ ಸೊಸೈಟಿಯಲ್ಲಿ ಮಾತಾಡುತ್ತ, ಪ್ರೋಗ್ರಾಮ್ ಬರೆಯುವ ಕೆಲಸದಲ್ಲೂ ರೂಢಿಗೆ ಬಿದ್ದ ಭಾಗವನ್ನು ಯಂತ್ರವೇ ಮಾಡಿಕೊಳ್ಳಬಹುದು, ಆಗ ಪ್ರೋಗ್ರಾಮರುಗಳು ಕೆಲಸ ಹೋಗುತ್ತದೆಂದು ಹೆದರಿ ತಮ್ಮ ವಿದ್ಯೆಯನ್ನು ಅರ್ಥವಾಗದ ಮಾತುಗಳಲ್ಲಿ ಮುಚ್ಚಿಡಬಹುದು ಎಂದಿದ್ದರು. ಪ್ಲೇಸ್‌ಮೆಂಟ್ ಸೀಸನ್ನಿನಲ್ಲಿ ನಮ್ಮ ಹಾಸ್ಟೆಲಿನಲ್ಲಿ ನಡೆಯುವ ಚರ್ಚೆ ಇದೇ ಅಲ್ಲವಾ? ಆಗಿನ್ನೂ ಪ್ರೋಗ್ರಾಮನ್ನು ಒಳಗಿಟ್ಟುಕೊಂಡು ಓಡುವ ಕಂಪ್ಯೂಟರೇ ಬಂದಿರಲಿಲ್ಲ.

1948ರಲ್ಲಿ ಮ್ಯಾಂಚೆಸ್ಟರಿಗೆ ಹೋದರು. ಮರುವರ್ಷ ಜೂನ್‌ನಲ್ಲಿ ಕೇಂಬ್ರಿಡ್ಜಿನ ಸಮ್ಮೇಳನದಲ್ಲಿ ಓದಿದ್ದೇ ನಾವು ಮೇಲೆ ಹೇಳಿದ ಮೂರು ಪುಟ. ವಿಷಯ ಒಂದೇ: ದೊಡ್ಡ ಪ್ರೋಗ್ರಾಮ್ ಸರಿ ಇದೆ ಅಂತ ಖಾತ್ರಿ ಮಾಡಿಕೊಳ್ಳುವುದು ಹೇಗೆ. ಶುರು ಮಾಡುವುದು ಪ್ರಾಥಮಿಕ ಶಾಲೆಯ ಕೂಡಿಸುವ ಲೆಕ್ಕದಿಂದ. ನಾಲ್ಕಂಕಿಯ ಐದು ಸಂಖ್ಯೆ, ಮೊತ್ತ 26104. ಬರೀ ಮೊತ್ತ ಕೊಟ್ಟರೆ ತಾಳೆ ನೋಡುವವರು ಇಡೀ ಲೆಕ್ಕವನ್ನು ಮತ್ತೆ ಮಾಡಬೇಕು. ಪ್ರತಿ ಸಾಲಿನ ಅಂಕಿಯನ್ನೂ ಕೈಯಲ್ಲಿ ಉಳಿದ ದಶಕವನ್ನೂ ಬೇರೆ ಬೇರೆಯಾಗಿ ಬರೆದಿಟ್ಟರೆ, ಒಂದೊಂದು ಸಾಲನ್ನು ಬಿಡಿಬಿಡಿಯಾಗಿ ನೋಡಿದರೆ ಸಾಕು. ಪ್ರೋಗ್ರಾಮಿಗೂ ಇದೇ ಕ್ರಮ: ಈ ಹಂತಕ್ಕೆ ಬಂದಾಗ ಇದು ನಿಜವಾಗಿರಬೇಕು ಅಂತ ಬರೆದವರು ಅಲ್ಲಲ್ಲಿ ಸ್ಪಷ್ಟವಾಗಿ ಹೇಳಬೇಕು, ನೋಡುವವರು ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವುದು ಸರಿಯಾ ಅಂತ ಪರೀಕ್ಷಿಸಬೇಕು. ಉದಾಹರಣೆಗೆ ಅವರು ತಗೊಂಡದ್ದು ಗುಣಾಕಾರ ಬಳಸದೆ, ಕೂಡಿಸುತ್ತಲೇ ಫ್ಯಾಕ್ಟೋರಿಯಲ್ ಕಂಡುಹಿಡಿಯುವ ಪ್ರೋಗ್ರಾಮ್. ಲೂಪು ಯಾವತ್ತಾದರೂ ನಿಲ್ಲುತ್ತದೆ ಅಂತ ತೋರಿಸಲು, ಸುತ್ತು ಸುತ್ತಿಗೂ ಇಳಿಯುತ್ತ ಹೋಗುವ ಒಂದು ಸಂಖ್ಯೆಯನ್ನು ಗುರುತಿಸಿಕೊಟ್ಟಿದ್ದಾರೆ. ತಪ್ಪು ಹುಡುಕುವ ಬಗ್ಗೆ ಬರೆದ ಈ ಲೇಖನ ಅಚ್ಚಾದಾಗ ತಾನೇ ಮುದ್ರಣದೋಷಗಳಿಂದ ತುಂಬಿತ್ತು. ಯಾರೂ ಅದನ್ನು ಗಮನಿಸಲಿಲ್ಲ. 1960ರ ದಶಕದಲ್ಲಿ ಫ್ಲಾಯ್ಡ್, ಹೋರ್ ಇದೇ ವಿಚಾರವನ್ನು ಸ್ವತಂತ್ರವಾಗಿ ಬೆಳೆಸಿದರು. ಟ್ಯೂರಿಂಗ್ ಲೇಖನವನ್ನು ಮೋರಿಸ್ ಮತ್ತು ಜೋನ್ಸ್ ತಿದ್ದಿ ಮತ್ತೆ ಪ್ರಕಟಿಸಿದ್ದು 1984ರಲ್ಲಿ.

ಯಂತ್ರ ಯೋಚಿಸಬಲ್ಲದೇ ಎಂದು ಕೇಳುವ ಅವರ ಪ್ರಸಿದ್ಧ ಪ್ರಬಂಧ 1950ರದ್ದು. ಎಐ ಅಂದಕೂಡಲೇ ಎಲ್ಲರೂ ನೆನೆಯುವುದು ಅದನ್ನೇ. ನಮಗಂತೂ ಹಿಂದಿನ ವರ್ಷದ್ದೇ ಹೆಚ್ಚು ಬೇಕಾಗಿತ್ತು.

1952ರಲ್ಲಿ ಸಲಿಂಗಕಾಮದ ಕಾರಣಕ್ಕೆ ಅವರಿಗೆ ಶಿಕ್ಷೆ ಆಯಿತು. ಜೈಲಿನ ಬದಲು ಹಾರ್ಮೋನ್ ಚಿಕಿತ್ಸೆ. ಗುಪ್ತ ಸಂಕೇತದ ಕೆಲಸದ ಬಾಗಿಲೂ ಮುಚ್ಚಿತು. 1954ರ ಜೂನ್ 7ರಂದು ಸಯನೈಡ್‌ನಿಂದ ತೀರಿಕೊಂಡಾಗ ವಯಸ್ಸು 41. ವಿಚಾರಣೆಯಲ್ಲಿ ಆತ್ಮಹತ್ಯೆ ಎಂದು ಬರೆದರು. ರಾಣಿಯ ಕ್ಷಮಾದಾನ ಸಿಕ್ಕಿದ್ದು 2013ರಲ್ಲಿ. ಆ ಜಾತಿಯ ಕಾನೂನೇ ನಮ್ಮಲ್ಲಿ 377ನೇ ಕಲಂ ಆಗಿ 2018ರ ಸೆಪ್ಟೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನವರೆಗೂ ಬದುಕಿತ್ತು.

ಇನ್ನು ಆ 160 ರೂಪಾಯಿ. ಸಾಲ 10,000, ತಿಂಗಳಿಗೆ ನೂರಕ್ಕೆ ಎರಡರಂತೆ ಬಡ್ಡಿ. ಎರಡು ಕಂತು ಕಟ್ಟಿ ಬಾಕಿ 8,000ಕ್ಕೆ ಇಳಿದಿತ್ತು. ಮೂರನೇ ತಿಂಗಳು ಮನೆಯಲ್ಲಿ ಹೆರಿಗೆ, ಕಂತು ಕಟ್ಟಿರಲಿಲ್ಲ. ಖಾಲಿ ತಿಂಗಳನ್ನು ಪ್ರೋಗ್ರಾಮ್ ಸದ್ದಿಲ್ಲದೆ ಹಾರಿಸಿಬಿಟ್ಟಿತ್ತು. ಕಂತು ತಪ್ಪುವುದೇ ಇಲ್ಲ ಅಂತ ಭಾವಿಸಿ ಕೋಡ್ ಬರೆದ ಟೂಲ್, ಟೆಸ್ಟುಗಳನ್ನೂ ಅದೇ ಭಾವನೆಯಲ್ಲಿ ಬರೆದಿತ್ತು. ಅಕ್ಕನ ಪುಸ್ತಕದಲ್ಲಿ ಮಾತ್ರ ಪ್ರತಿ ತಿಂಗಳ ಬಾಕಿಗೂ ಒಂದು ಸಾಲು, ಕಟ್ಟದ ತಿಂಗಳಿಗೂ ಒಂದು ಸಾಲು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಪ್ರೋಗ್ರಾಮ್ ಪರೀಕ್ಷಿಸಲು ಸದಸ್ಯೆಯರ ಹೆಸರು, ಫೋನ್ ನಂಬರು, ಸಾಲದ ಪಟ್ಟಿ ಎಲ್ಲವನ್ನೂ ಆ ಟೂಲಿಗೆ ಪೇಸ್ಟ್ ಮಾಡಿದ್ದೆವು. ಅದೆಲ್ಲ ಈಗ ಎಲ್ಲಿದೆ ಅಂತ ಅಕ್ಕ ಕೇಳಿದಾಗ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಬಡ್ಡಿಯನ್ನು ಸರಿ ಮಾಡಬಹುದು, ಇದನ್ನು ವಾಪಸ್ ತರಲು ಆಗಲ್ಲ. ಸಭೆಯಲ್ಲಿ ನಿಂತು ತಪ್ಪೊಪ್ಪಿಕೊಂಡೆವು.

ಎರಡನೇ ಸಲವೂ ಟೂಲ್ ಬಳಸಿದ್ದೇವೆ. ಆದರೆ ಮೊದಲು ಅಕ್ಕನ ಜೊತೆ ಕೂತು ತಿಂಗಳ ಕೊನೆಗೆ ಏನೇನು ನಿಜವಾಗಿರಬೇಕು ಅಂತ ಕನ್ನಡದಲ್ಲೇ ಬರೆದುಕೊಂಡೆವು, ಟೆಸ್ಟುಗಳನ್ನು ಅದರಿಂದ ನಾವೇ ಬರೆದೆವು, ಡೇಟಾಕ್ಕೆ ಸುಳ್ಳು ಹೆಸರು ಹಾಕಿದೆವು. ಕೋಡಿನಲ್ಲಿ ನಮ್ಮ ನಾಲ್ವರಲ್ಲಿ ಒಬ್ಬರಾದರೂ ವಿವರಿಸಲಾರದ ಸಾಲನ್ನು ತೆಗೆದುಹಾಕಿದೆವು. ಒಂದು ಸಂಜೆಯ ಕೆಲಸಕ್ಕೆ ಎರಡು ವಾರ ಹಿಡಿಯಿತು. ಈಗ ತಿಂಗಳಿಗೊಂದು ಸಾಲು ಪ್ರಿಂಟ್ ಆಗುತ್ತದೆ. ಅಕ್ಕ ಪುಸ್ತಕವನ್ನೂ ಬಿಟ್ಟಿಲ್ಲ. ಕಳೆದ ಸಲ ಒಂದು ರೂಪಾಯಿ ವ್ಯತ್ಯಾಸ ಬಂತು. ಯಾವ ತಿಂಗಳು ಅಂತ ಐದೇ ನಿಮಿಷದಲ್ಲಿ ಸಿಕ್ಕಿತು. ಐವತ್ತು ಪೈಸೆಯನ್ನು ಮೇಲಕ್ಕೆ ಹಿಡಿಯಬೇಕೋ ಬಿಡಬೇಕೋ ಅನ್ನೋದನ್ನು ಮುಂದಿನ ಸಭೆಯಲ್ಲಿ ಸದಸ್ಯೆಯರು ತೀರ್ಮಾನ ಮಾಡ್ತಾರೆ.