ರೈಲಿನ ಸರಪಳಿ ಎಳೆದ ವಿಶ್ವೇಶ್ವರಯ್ಯ: ಈ ಕಥೆ ನಮ್ಮ ನೆನಪಿನಲ್ಲಿ ಇಷ್ಟು ಗಟ್ಟಿಯಾಗಿ ಕೂತದ್ದು ಹೇಗೆ?

ಸೆಪ್ಟೆಂಬರ್ 15 ಹತ್ತಿರ ಬಂತೆಂದರೆ ನಮ್ಮ ಮೊಬೈಲುಗಳಲ್ಲಿ ಒಂದು ಕಥೆ ಓಡಾಡತೊಡಗುತ್ತದೆ. ರಾತ್ರಿ ಓಡುತ್ತಿರುವ ರೈಲು, ಬೋಗಿಯ ತುಂಬ ಬ್ರಿಟಿಷರು. ಮೂಲೆಯಲ್ಲಿ ಕೂತ ಒಬ್ಬ ಭಾರತೀಯನನ್ನು ಅವರು ಗೇಲಿ ಮಾಡುತ್ತಿದ್ದಾರೆ. ಆತ ಇದ್ದಕ್ಕಿದ್ದಂತೆ ಎದ್ದು ಸರಪಳಿ ಎಳೆಯುತ್ತಾನೆ. ಇಳಿದು ನೋಡಿದರೆ ಸ್ವಲ್ಪ ದೂರದಲ್ಲಿ ಹಳಿ ಬಿರುಕು ಬಿಟ್ಟಿದೆ! ಸದ್ದಿನ ಲಯ ಬದಲಾದದ್ದನ್ನು ಕೇಳಿಯೇ ಅಪಾಯವನ್ನು ಗುರುತಿಸಿದ ಆ ವ್ಯಕ್ತಿ ಸರ್ ಎಂ. ವಿಶ್ವೇಶ್ವರಯ್ಯ.

ಇದು ನಡೆದದ್ದು ಯಾವ ವರ್ಷ? ಯಾವ ರೈಲಿನಲ್ಲಿ? ಯಾವ ಎರಡು ನಿಲ್ದಾಣಗಳ ನಡುವೆ? ಸಂದೇಶಗಳಲ್ಲಿ ಸಾಮಾನ್ಯವಾಗಿ ಇದ್ಯಾವುದೂ ಇರುವುದಿಲ್ಲ. ಉಕ್ಕಿನಲ್ಲಿ ಶಬ್ದ ಗಾಳಿಗಿಂತ ಹತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಸಾಗುತ್ತದೆ ಎಂಬುದು ನಿಜ. ಆದರೆ ಓಡುವ ರೈಲಿನ ಗದ್ದಲದ ನಡುವೆ, ಬೋಗಿಯೊಳಗೆ ಕೂತು, ಮುಂದಿರುವ ಬಿರುಕನ್ನು ಕಿವಿಯಿಂದ ಪತ್ತೆ ಹಚ್ಚುವುದು ಬೇರೆಯೇ ಮಾತು. ಈ ಘಟನೆ ನಡೆದೇ ಇಲ್ಲ ಎಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಆಧಾರ ಕೇಳದೆಯೇ ನಾವೆಲ್ಲ ಇದನ್ನು ಯಾಕೆ ನಂಬುತ್ತೇವೆ ಎಂಬುದು ನಮ್ಮ ಪ್ರಶ್ನೆ. ಅದಕ್ಕೆ ಮೊದಲು ದಾಖಲೆಗಳಲ್ಲಿರುವ ವಿಶ್ವೇಶ್ವರಯ್ಯನವರನ್ನು ನೋಡೋಣ.

ಮುದ್ದೇನಹಳ್ಳಿಯಿಂದ ಕನ್ನಂಬಾಡಿಯವರೆಗೆ

ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿ, ನಂದಿಬೆಟ್ಟದ ಸೀಮೆಯ ಮುದ್ದೇನಹಳ್ಳಿಯಲ್ಲಿ. ಹುಟ್ಟಿದ ವರ್ಷ ಕೆಲವು ಪುಸ್ತಕಗಳಲ್ಲಿ 1860, ಕೆಲವುಗಳಲ್ಲಿ 1861. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಬಾಲ್ಯದಲ್ಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಶಾಲೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ., ನಂತರ ಪುಣೆಯಲ್ಲಿ ಎಂಜಿನಿಯರಿಂಗ್. 1884ರಲ್ಲಿ ಬೊಂಬಾಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸೇರಿದರು.

ಅಲ್ಲಿಂದ ಮುಂದೆ ಸಿಗುವುದು ಪವಾಡಗಳಲ್ಲ, ಕೆಲಸ. ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ಶುದ್ಧ ಕುಡಿಯುವ ನೀರು. ದಖ್ಖನ್ನಿನ ಕಾಲುವೆಗಳಲ್ಲಿ ನೀರು ಕೆಲವರ ಪಾಲಾಗದೆ ಹೆಚ್ಚು ಹಳ್ಳಿಗಳಿಗೆ ಹಂಚಿಹೋಗುವಂತೆ ಬ್ಲಾಕ್ ಪದ್ಧತಿ. ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ, ಅಣೆಕಟ್ಟೆಯ ಎತ್ತರ ಹೆಚ್ಚಿಸದೆಯೇ ಹೆಚ್ಚು ನೀರು ನಿಲ್ಲಿಸುವ, ಪ್ರವಾಹ ಬಂದಾಗ ತಾವೇ ತೆರೆದುಕೊಳ್ಳುವ ಬಾಗಿಲುಗಳು.

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. ಊರಿನ ಮೇಲ್ಭಾಗದಲ್ಲೇ ಜಲಾಶಯ ಕಟ್ಟಿ ಪ್ರವಾಹವನ್ನು ತಡೆಹಿಡಿಯಬೇಕು ಎಂಬ ಅವರ ಸಲಹೆಯಿಂದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಹುಟ್ಟಿದವು.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಶುರುವಾಯಿತು. 1912ರಿಂದ 1918ರವರೆಗೆ ದಿವಾನರಾಗಿದ್ದರು. ಮೈಸೂರು ಬ್ಯಾಂಕ್ (1913), ಮೈಸೂರು ವಿಶ್ವವಿದ್ಯಾಲಯ (1916), ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು (1917) ಈ ಕಾಲದವು. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ನಿಧನರಾದರು. ಅವರ ಸಮಾಧಿ ಮುದ್ದೇನಹಳ್ಳಿಯಲ್ಲೇ ಇದೆ.

ನೆನಪು ಕ್ಯಾಮೆರಾ ಅಲ್ಲ

ಇಷ್ಟೆಲ್ಲ ಇದ್ದರೂ ನಮಗೆ ಥಟ್ಟನೆ ನೆನಪಾಗುವುದು ರೈಲಿನ ಕಥೆಯೇ. ಯಾಕೆ?

ನೆನಪು ಎಂದರೆ ಚಿತ್ರೀಕರಿಸಿಟ್ಟ ದೃಶ್ಯವಲ್ಲ. ಪ್ರತಿ ಸಲ ನೆನೆಸಿಕೊಂಡಾಗಲೂ ಮಿದುಳು ಅದನ್ನು ಹೊಸದಾಗಿ ಕಟ್ಟುತ್ತದೆ. ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್, ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಜನರಿಗೆ ಓದಿಸಿ, ಅವರಿಂದ ಮತ್ತೆ ಹೇಳಿಸಿದರು. ಹೇಳುತ್ತ ಹೇಳುತ್ತ ಕಥೆ ಚಿಕ್ಕದಾಯಿತು, ಪರಿಚಯವಿಲ್ಲದ ವಿವರಗಳು ಬಿದ್ದುಹೋದವು, ಉಳಿದದ್ದು ಹೇಳುವವರಿಗೆ ಒಗ್ಗುವ ಆಕಾರ ಪಡೆಯಿತು. 1932ರಲ್ಲಿ ಈ ಅಧ್ಯಯನ ಪುಸ್ತಕವಾಗಿ ಬಂತು. ರೈಲಿನ ಕಥೆಯೂ ನಮಗೆ ಒಗ್ಗುವ ಆಕಾರದಲ್ಲೇ ಇದೆ: ಅವಮಾನ, ಮೌನ, ಕೊನೆಗೆ ಗೆಲುವು.

ಎರಡನೆಯದು ಪುನರಾವರ್ತನೆ. ಒಂದು ಹೇಳಿಕೆಯನ್ನು ಮತ್ತೆ ಮತ್ತೆ ಕೇಳಿದರೆ ಅದು ನಿಜ ಎನ್ನಿಸುವುದು ಹೆಚ್ಚುತ್ತದೆ. ಇದನ್ನು 1977ರಲ್ಲಿ ಅಮೆರಿಕದ ಸಂಶೋಧಕರು ಪ್ರಯೋಗದಲ್ಲಿ ತೋರಿಸಿದರು. ಪರಿಚಿತವಾದದ್ದನ್ನು ಮಿದುಳು ಸುಲಭವಾಗಿ ಗ್ರಹಿಸುತ್ತದೆ, ಆ ಸುಲಭವನ್ನೇ ಸತ್ಯ ಎಂದುಕೊಳ್ಳುತ್ತದೆ.

ಮೂರನೆಯದು, ಕೇಳಿದ್ದು ನೆನಪಿರುತ್ತದೆ, ಎಲ್ಲಿ ಕೇಳಿದೆವು ಎಂಬುದು ಮರೆಯುತ್ತದೆ. ಸರ್ಕಾರದ ಕೆಲಸಕ್ಕೆ ಒಂದು ದೀಪ, ಸ್ವಂತ ಕೆಲಸಕ್ಕೆ ಇನ್ನೊಂದು ದೀಪ ಎಂಬ ಕಥೆಯನ್ನು ವಿಶ್ವೇಶ್ವರಯ್ಯನವರ ಬಗ್ಗೆ ಕೇಳಿದ್ದೇವೆ. ಅದೇ ಕಥೆ ಚಾಣಕ್ಯನ ಬಗ್ಗೆಯೂ ಇದೆ, ಖಲೀಫ ಉಮರ್ ಇಬ್ನ್ ಅಬ್ದುಲ್ ಅಜೀಜ್ ಅವರ ಬಗ್ಗೆಯೂ ಇದೆ. ಒಳ್ಳೆಯ ಕಥೆಗೆ ಹೊಂದುವ ಹೆಸರು ಸಿಕ್ಕರೆ ಅಲ್ಲಿ ನೆಲೆ ನಿಲ್ಲುತ್ತದೆ.

ನಾಲ್ಕನೆಯದನ್ನು ಪ್ರಭಾವಳಿ ಪರಿಣಾಮ ಎನ್ನಬಹುದು. 1920ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಇದನ್ನು ಗುರುತಿಸಿದರು: ಒಂದು ಗುಣದಲ್ಲಿ ಮೆಚ್ಚಿದವರನ್ನು ನಾವು ಉಳಿದ ಗುಣಗಳಲ್ಲೂ ಮೇಲಕ್ಕೇರಿಸುತ್ತೇವೆ. ಅದರಿಂದಲೇ ಇಡೀ ಕೃಷ್ಣರಾಜಸಾಗರ ಒಬ್ಬರದೇ ಸಾಧನೆ ಆಗಿಬಿಡುತ್ತದೆ. ಕೆಲಸ ಮುಗಿದದ್ದು ಅವರು ದಿವಾನಗಿರಿ ಬಿಟ್ಟು ಹತ್ತು ವರ್ಷಕ್ಕೂ ಹೆಚ್ಚು ಕಾಲದ ಮೇಲೆ. ಹಣ, ಅಧಿಕಾರಗಳ ಬೆಂಬಲ ಕೊಟ್ಟ ನಾಲ್ವಡಿ ಕೃಷ್ಣರಾಜ ಒಡೆಯರು, ಇತರ ಎಂಜಿನಿಯರುಗಳು, ಕಲ್ಲು ಹೊತ್ತ ಸಾವಿರಾರು ಕೂಲಿಗಳು, ಮುಳುಗಿದ ಹಳೇ ಕನ್ನಂಬಾಡಿಯ ಜನ, ಇವರೆಲ್ಲ ನೆನಪಿನಿಂದ ಜಾರುತ್ತಾರೆ.

ಕಥೆಯಿಂದ ನಷ್ಟವೇನು?

ಸ್ಫೂರ್ತಿ ಸಿಕ್ಕರೆ ಸಾಕಲ್ಲವೇ ಎಂದು ಕೇಳಬಹುದು. ನಷ್ಟ ಇದೆ, ಅದು ಅವರು ಹುಟ್ಟಿದ ಸೀಮೆಯಲ್ಲೇ ಕಾಣುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ರೈತರು ಸಾವಿರ ಅಡಿಗೂ ಆಳಕ್ಕೆ ಬೋರ್‌ವೆಲ್ ಕೊರೆಸುತ್ತಾರೆ. ಎಲ್ಲಿ ಕೊರೆಸಬೇಕೆಂದು ತೆಂಗಿನಕಾಯಿ ಹಿಡಿದು ನೀರು ನೋಡುವವರನ್ನು ಕೇಳುತ್ತಾರೆ. ನೀರು ಬಿದ್ದ ಬೋರ್ ಊರಿಗೆಲ್ಲ ಸುದ್ದಿಯಾಗುತ್ತದೆ. ಬರಿದಾದವುಗಳನ್ನು ಹಣೆಬರಹ ಎಂದು ಮರೆಯುತ್ತೇವೆ. ಗೆದ್ದದ್ದನ್ನು ಮಾತ್ರ ಎಣಿಸುವ ಈ ಪಕ್ಷಪಾತಕ್ಕೆ ರೈತರು ತೆರುವ ಬೆಲೆ ಲಕ್ಷಗಳಲ್ಲಿ.

ಇದಕ್ಕೆ ಮದ್ದು ವಿಶ್ವೇಶ್ವರಯ್ಯನವರ ನಿಜ ಜೀವನದಲ್ಲೇ ಇದೆ. ಅವರ ಯೋಜನೆಗಳು ನಿಂತದ್ದು ಅಳತೆ, ಅಂಕಿಅಂಶ, ಲಿಖಿತ ವರದಿಗಳ ಮೇಲೆ, ಅತೀಂದ್ರಿಯ ಕಿವಿಯ ಮೇಲಲ್ಲ. ಅದೃಷ್ಟದ ಕಿವಿ ಯಾರಿಗೂ ಕಲಿಸಲು ಬರುವುದಿಲ್ಲ. ಅಳೆದು ಬರೆದಿಡುವುದನ್ನು ಎಲ್ಲರೂ ಕಲಿಯಬಹುದು. ಊರಿನಲ್ಲಿ ಕೊರೆಸಿದ ಬೋರ್‌ಗಳು ಎಷ್ಟು, ಯಾರು ತೋರಿಸಿದ ಜಾಗ, ಎಷ್ಟು ಅಡಿ, ನೀರು ಬಂತೋ ಇಲ್ಲವೋ ಎಂದು ಒಂದು ನೋಟ್‌ಬುಕ್ಕಿನಲ್ಲಿ, ಬರಿದಾದವುಗಳನ್ನೂ ಸೇರಿಸಿ, ಬರೆದಿಟ್ಟು ನೋಡಿ. ಮುಂದಿನ ಸೆಪ್ಟೆಂಬರಿನಲ್ಲಿ ರೈಲಿನ ಕಥೆ ಬಂದಾಗ ಮಕ್ಕಳಿಗೆ ಖಡಕ್‌ವಾಸ್ಲಾದ ಬಾಗಿಲುಗಳು ಹೇಗೆ ತಾವೇ ತೆರೆದುಕೊಳ್ಳುತ್ತಿದ್ದವು ಎಂಬುದನ್ನೂ ಹೇಳೋಣ.